ಬಲಗಿವಿಯ ಬಾಕಿ

ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ, ಅಂಥ ಮನುಷ್ಯ ಅವನು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೂ ಅವನ ಇನ್ನೊಂದು ಕೈಯ ಬೆರಳುಗಳು ಗಾಳಿಯಲ್ಲಿ ಕಚಕಚ ಆಡುತ್ತಿದ್ದವು. ಕಾಣದ ಯಾರದೋ ತಲೆ ಅವನ ಮುಂದೆ ಸದಾ ಕೂತೇ ಇರುತ್ತಿತ್ತು. ಅದಕ್ಕೇ ತುಕಡಿಯವರು ಅವನಿಗೆ ಕತ್ತರಿ ಎಂದು ಹೆಸರಿಟ್ಟಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು.

ಯುದ್ಧ ಶುರುವಾಗಿ ಎರಡನೆಯ ವರ್ಷ. ತುಕಡಿ ಬೀಡುಬಿಟ್ಟಿದ್ದು ಮುಚ್ಚಿದ ಗಾಜಿನ ಕಾರ್ಖಾನೆಯೊಂದರ ಶೆಡ್ಡಿನಲ್ಲಿ. ಅದರ ಒಂದು ಮೂಲೆ ಕತ್ತರಿಯ ಅಂಗಡಿ. ಅಲ್ಲಿದ್ದ ಕುರ್ಚಿ ಒಂದು ಅಪರೂಪದ ವಸ್ತು: ಗುಂಡಿಗೆ ಸಿಕ್ಕಿ ಜರಡಿಯಾಗಿದ್ದ ಲಾರಿಯ ಡ್ರೈವರ್ ಸೀಟನ್ನು ಕಿತ್ತು, ಎಣ್ಣೆ ಡ್ರಮ್ಮಿನ ಮೇಲೆ ಕೂರಿಸಿ, ಕೆಳಗೆ ಚಕ್ರದ ಬೇರಿಂಗ್ ಇಟ್ಟು ಗಿರ್ರನೆ ತಿರುಗುವ ಹಾಗೆ ಮಾಡಿದ್ದರು. ಮಾಡಿದವನು ಕತ್ತರಿಯ ಭಾವ, ಅಂದರೆ ಅವನ ಅಕ್ಕನ ಗಂಡ, ಅದೇ ತುಕಡಿಯ ನೀರಿನ ಟ್ಯಾಂಕರ್ ಓಡಿಸುತ್ತಿದ್ದವನು.

ಭಾವನ ಬಗ್ಗೆ ಹೇಳಲೇಬೇಕು. ವೀರನೂ ಅಲ್ಲ, ಶೂರನೂ ಅಲ್ಲ. ಯುದ್ಧಕ್ಕೆ ಮೊದಲು ಹಾಲಿನ ವ್ಯಾನ್ ಓಡಿಸುತ್ತಿದ್ದ. ನಿದ್ದೆ ಎಂದರೆ ಪ್ರಾಣ. ತೋಪು ಸಿಡಿಯುವಾಗಲೂ ಸ್ಟಿಯರಿಂಗಿಗೆ ಹಣೆ ಕೊಟ್ಟು ಗೊರಕೆ ಹೊಡೆಯಬಲ್ಲ. ಹಾಡು ಬಾರದು, ಆದರೂ ಹಾಡುತ್ತಿದ್ದ, ಅದೂ ಒಂದೇ ಸಾಲನ್ನು. ಕತ್ತರಿಯ ಅಪ್ಪ ಬದುಕಿದ್ದಾಗ ಅವರ ಕಟಿಂಗ್ ಶಾಪಿಗೆ ವಾರವಾರವೂ ತಪ್ಪದೆ ಬಂದು ಕೂರುತ್ತಿದ್ದ. ಒಳಬಾಗಿಲ ಪರದೆಯ ಹಿಂದೆ ಅಕ್ಕ ಇರುತ್ತಿದ್ದಳಲ್ಲ! ಕೊನೆಗೆ ಅಪ್ಪನೇ ಬೇಸತ್ತು, "ಕತ್ತರಿಸೋಕೆ ನಿನ್ನ ತಲೇಲಿ ಇನ್ನೇನೂ ಉಳಿದಿಲ್ಲಪ್ಪ. ಮದುವೆ ಮಾತಾಡೋದಿದ್ರೆ ಒಳಗೆ ಬಾ, ಇಲ್ಲಾಂದ್ರೆ ಹಾಲು ಹಾಕೋಕೆ ಹೋಗು" ಎಂದಿದ್ದರು. ಭಾವ ಒಳಗೆ ಹೋಗಿದ್ದ. ಹಾಲು ಆವತ್ತು ಊರಿಗೆಲ್ಲ ತಡವಾಗಿತ್ತು.

ಇಬ್ಬರನ್ನೂ ಒಂದೇ ದಿನ ಸೇನೆಗೆ ಕರೆದರು. ಹೊರಡುವಾಗ ಅಕ್ಕ ತಮ್ಮನ ಅಂಗಿಯ ಕಾಲರ್ ಹಿಡಿದು, "ನೋಡು, ನಿಮ್ಮ ಭಾವನ ಒಂದು ಕೂದಲೂ ಕೊಂಕದ ಹಾಗೆ ವಾಪಸ್ ಕರ್ಕೊಂಡು ಬರ್ಬೇಕು" ಎಂದಿದ್ದಳು.

"ಕತ್ತರಿ ಹಿಡಿದವನಿಗೆ ಹೇಳೋ ಮಾತಾ ಇದು?" ಎಂದು ಭಾವ ನಕ್ಕಿದ್ದ. ಅಕ್ಕ ನಗಲಿಲ್ಲ. ತಮ್ಮ "ಆಯ್ತಕ್ಕಾ" ಎಂದ. ಅವತ್ತಿನಿಂದ ಆ ಒಂದು ಮಾತಿನ ಭಾರ ಅವನ ಹೆಗಲ ಮೇಲೆ ಕೂತುಬಿಟ್ಟಿತು. ಟ್ಯಾಂಕರ್ ಹೊರಟರೆ ಅವನಿಗೆ ಊಟ ಸೇರದು. ಅದರ ಹಾರ್ನ್ ವಾಪಸ್ ಕೇಳುವವರೆಗೂ ಶೆಡ್ಡಿನ ಬಾಗಿಲಿಗೂ ಕುರ್ಚಿಗೂ ಅಲೆಯುತ್ತಿದ್ದ.

ಇನ್ನು ಬಾಕಿಯ ಕಥೆ. ಅದು ಶುರುವಾದದ್ದು ತಂತಿಯಿಂದ. ತಂತಿ ಎಂದರೆ ಟೆಲಿಫೋನ್ ತಂತಿ ಎಳೆಯುವ ಸಿಪಾಯಿ. ಆಳೂ ತಂತಿಯ ಹಾಗೇ ಇದ್ದ. ಒಂದು ದಿನ ಅವನ ತಲೆ ಮಾಡುತ್ತಿರುವಾಗಲೇ ಹೊರಡುವ ಸೀಟಿ ಕೂಗಿತು. ಎಲ್ಲ ಮುಗಿದು ಬಲಗಿವಿಯ ಹಿಂದೆ ಒಂದು ಹೆಬ್ಬೆರಳಗಲ ಮಾತ್ರ ಉಳಿದಿತ್ತು. ತಂತಿ ಹಾಗೇ ಟೋಪಿ ಹಾಕಿಕೊಂಡು ಓಡಿದ. ಅವನು ಹತ್ತಿದ ಲಾರಿ ಬಾಂಬಿಗೆ ಸಿಕ್ಕಿತು. ಅದರಲ್ಲಿದ್ದವರಲ್ಲಿ ತಿರುಗಿ ಬಂದವನು ಅವನೊಬ್ಬನೇ. ಬಂದವನು ನೇರವಾಗಿ ಆ ಕುರ್ಚಿಯ ಮೇಲೆ ಕೂತು, "ಬಾಕಿ ಇತ್ತಲ್ಲ, ಮುಗಿಸು" ಎಂದ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೆ. ಆದರೆ ಸಾವಿನ ಪಕ್ಕದಲ್ಲಿ ಹಾಸಿಗೆ ಹಾಸಿ ಮಲಗುವವರಿಗೆ ಈ ಗಾದೆ ಯಾರು ಹೇಳಬೇಕು? ಮರುವಾರದಿಂದ ಎಲ್ಲರಿಗೂ ಬಾಕಿ ಬೇಕು. ಬಲಗಿವಿಯ ಹಿಂದೆ, ಟೋಪಿಯ ಅಂಚಿನಲ್ಲಿ ಅಡಗುವಷ್ಟು. ಬಾಕಿ ಇಟ್ಟವನು ಅದನ್ನು ತೀರಿಸಿಕೊಳ್ಳಲು ವಾಪಸ್ ಬರಲೇಬೇಕು ಎಂಬುದು ಲೆಕ್ಕ. ಬಾಕಿ ಇಟ್ಟೂ ಬಾರದವರು ಇದ್ದರು. ಅವರ ವಿಷಯ ಬಂದಾಗ ಎಲ್ಲರೂ ಬೇರೆ ಮಾತು ತೆಗೆಯುತ್ತಿದ್ದರು.

ಕತ್ತರಿಗೆ ಇದು ಸುತರಾಂ ಹಿಡಿಸಲಿಲ್ಲ. ಒಂದು, ಅರ್ಧ ಕೆಲಸ ಮಾಡಿ ತಲೆ ಎಬ್ಬಿಸುವುದು ಅವನ ಅಪ್ಪನ ಮನೆಯಲ್ಲಿ ಮಹಾಪಾಪ. ಎರಡು, ಸತ್ತವರ ಲೆಕ್ಕವೆಲ್ಲ ತನ್ನ ಕೈಗೆ ಬಂದು ಅಂಟುತ್ತದೆಂಬ ದಿಗಿಲು. "ಇದೆಲ್ಲ ಸುಳ್ಳು ಕಣ್ರೋ" ಎಂದು ಬೈಯುತ್ತಲೇ ಬಾಕಿ ಇಡುತ್ತಿದ್ದ. ಭಾವನಿಗಂತೂ ಇದು ಹಬ್ಬವಾಗಿ ಹೋಯಿತು. ಕತ್ತರಿಯ ಕೂದಲು ಕತ್ತರಿಸುವವರು ಯಾರೂ ಇರಲಿಲ್ಲವಲ್ಲ, ಆ ಕೆಲಸ ಭಾವನದು. ಹುಲ್ಲು ಕೊಯ್ದ ಹಾಗೆ ಕೊಯ್ದು, ಬಲಗಿವಿಯ ಹಿಂದೆ ಬೇಕೆಂದೇ ಒಂದು ಹಿಡಿ ಬಿಟ್ಟು, "ಭಾಮೈದ, ನಿಂದು ದೊಡ್ಡ ಬಾಕಿ. ನೀನು ಬರದೇ ಇದ್ರೆ ನಿಮ್ಮಕ್ಕ ನನ್ನ ಬೋಳಿಸ್ತಾಳೆ" ಎನ್ನುತ್ತಿದ್ದ.

ಭಾವನಿಗೆ ರಜೆ ಮಂಜೂರಾದ ವಾರ ಅಕ್ಕನ ಫೋನ್ ಬಂತು. ಅವಳು ಈಗ ಅಪ್ಪನ ಅಂಗಡಿಯ ಶಟರ್ ತಾನೇ ಎತ್ತಿ ಕೂತಿದ್ದಳು. ಗಂಡಸರೆಲ್ಲ ಯುದ್ಧಕ್ಕೆ ಹೋದ ಮೇಲೆ ಊರಿನ ತಲೆಗಳು ಬೆಳೆಯುವುದನ್ನು ನಿಲ್ಲಿಸುತ್ತವೆಯೇ? ಮೊದಲು ಹೆಂಗಸಿನ ಮುಂದೆ ತಲೆ ಬಗ್ಗಿಸುವುದೇ ಎಂದು ಗೊಣಗಿದ ಮುದುಕರು ಆಮೇಲೆ ಬೆಳಿಗ್ಗೆಯೇ ಬಂದು ಬೆಂಚು ಹಿಡಿಯುತ್ತಿದ್ದರು. ಅಪ್ಪನ ಕೈ ಅವಳಿಗೇ ಬಂದಿತ್ತು, ತಮ್ಮನಿಗಲ್ಲ. ತಮ್ಮನೂ ಅದನ್ನು ಒಪ್ಪುತ್ತಿದ್ದ.

"ಹೋದ ಸಲ ಕರಡಿ ಥರ ಬಂದ್ರು ಕಣೋ" ಎಂದಳು ಅಕ್ಕ, ಗೊರಗೊರ ಸದ್ದಿನ ನಡುವೆ. "ಈ ಸಲ ಪೂರ್ತಿ ಮಾಡಿ ಕಳಿಸು. ಚೂರೂ ಉಳಿಸ್ಬೇಡ. ಮನೆಗೆ ಬರೋ ಮನುಷ್ಯ ಅಲ್ಲಿ ಏನೂ ಬಿಟ್ಟು ಬರಬಾರದು. ಗೊತ್ತಾಯ್ತಾ?"

"ಆಯ್ತಕ್ಕಾ" ಎಂದ ಕತ್ತರಿ.

ರಜೆಯ ಗಾಡಿ ಸಂಜೆಗೆ ಇತ್ತು. ಬೆಳಿಗ್ಗೆ ಭಾವನನ್ನು ಆ ಕುರ್ಚಿಯ ಮೇಲೆ ಕೂರಿಸಿ ಕತ್ತರಿ ಮನಸ್ಸಿಟ್ಟು ಕೆಲಸ ಮಾಡಿದ. ಎಷ್ಟೋ ತಿಂಗಳ ಮೇಲೆ ಒಂದು ತಲೆಯನ್ನು ಮೊದಲಿನಿಂದ ಕೊನೆಯವರೆಗೂ ಮಾಡಿ ಮುಗಿಸುವ ಸುಖ. ಕುತ್ತಿಗೆಯ ಗೆರೆ ನೇರ, ಕಿವಿಯ ಸುತ್ತ ಒಂದು ಎಳೆ ಹೆಚ್ಚಿಲ್ಲ. ಬಲಗಿವಿಯ ಹತ್ತಿರ ಬಂದಾಗ ಮಾತ್ರ ಕೈ ಒಂದು ಗಳಿಗೆ ನಿಂತಿತು.

"ಹೊಡಿ ಹೊಡಿ" ಎಂದ ಭಾವ. "ರಜೆಗೆ ಹೋಗೋನಿಗೆ ಬಾಕಿ ಬೇಡ. ಮನೆಗೆ ಹೋಗೋದು ಕಣೋ, ಯುದ್ಧಕ್ಕಲ್ಲ."

ಕತ್ತರಿ ಹೊಡೆದ. ಭಾವ ಒಡೆದ ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡು, "ಮದುಮಗ!" ಎಂದು ತನಗೇ ಒಂದು ಸಲಾಮು ಹೊಡೆದುಕೊಂಡ.

ಮಧ್ಯಾಹ್ನ ಇನ್ನೊಬ್ಬ ಡ್ರೈವರಿಗೆ ಜ್ವರ ಬಂತು. ಗುಡ್ಡದ ಮೇಲಿನ ಠಾಣೆಯಲ್ಲಿ ಹನಿ ನೀರಿಲ್ಲ. "ಒಂದು ಸಲ ಹೋಗಿ ಬಂದುಬಿಡಪ್ಪ, ಸಂಜೆ ಗಾಡಿಗೆ ಹೊತ್ತಿದೆ" ಎಂದರು ಸಾಹೇಬರು. ಅವರನ್ನೂ ಬೈಯುವ ಹಾಗಿಲ್ಲ. ಬಾಯಾರಿದವರಿಗೆ ನೀರು ಕಳಿಸಿದರು, ಅಷ್ಟೆ. ಕತ್ತರಿ ಆಗ ಯಾರದೋ ಕುತ್ತಿಗೆಗೆ ಸೋಪು ಹಚ್ಚುತ್ತಿದ್ದ. ಪರಿಚಯದ ಇಂಜಿನ್ ಸದ್ದು ಕೇಳಿಸಿತು. ಸೋಪಿನ ಬ್ರಷ್ ಹಿಡಿದೇ ಹೊರಗೆ ಓಡಿ, ಗೇಟಿನ ಹತ್ತಿರ ಟ್ಯಾಂಕರಿನ ಬಾಗಿಲಿಗೆ ಜೋತುಬಿದ್ದ. ಭಾವನ ಪಕ್ಕದಲ್ಲಿ ತಂತಿ ಕೂತಿದ್ದ, ದಾರಿಯಲ್ಲೆಲ್ಲೋ ತುಂಡಾದ ಲೈನ್ ನೋಡಲು.

"ಭಾವಾ, ಇಳೀರಿ! ನಿಮ್ದು ಪೂರ್ತಿ ಆಗಿದೆ!"

"ಈಗೇನು, ಗೋಂದು ಹಚ್ಚಿ ಅಂಟಿಸ್ತೀಯಾ?"

"ತಮಾಷೆ ಅಲ್ಲ ಭಾವ. ನಾನೂ ಬರ್ತೀನಿ."

"ನೀನು ಬಂದು ಏನ್ಮಾಡ್ತೀಯ? ಟೈರಿಗೆ ಕಟಿಂಗ್ ಮಾಡ್ತೀಯಾ? ಸುಳ್ಳು ಸುಳ್ಳು ಅಂತ ಬಾಯಿ ಬಡ್ಕೊಳ್ಳೋನು ನೀನೇ ಅಲ್ವೇನೋ? ಹೋಗು, ನನ್ನ ಬ್ಯಾಗ್ ರೆಡಿ ಮಾಡು." ಭಾವ ಅವನ ಮೂಗಿಗೆ ಅದೇ ಬ್ರಷ್ಷಿನ ನೊರೆ ಹಚ್ಚಿ, ತನ್ನ ಆ ಒಂದೇ ಸಾಲು ಹಾಡುತ್ತ ಗೇರ್ ಹಾಕಿದ.

ಕತ್ತರಿ ಬ್ಯಾಗ್ ರೆಡಿ ಮಾಡಿದ. ಬಿಚ್ಚಿದ. ಅಂಗಿಗಳನ್ನು ಮತ್ತೆ ಮಡಿಸಿ ತುಂಬಿದ. ಗೇಟಿಗೆ ಹೋದ, ಬಂದ. ಸಂಜೆಯ ಗಾಡಿ ಹಾರ್ನ್ ಹೊಡೆದು ಹೊಡೆದು ಹೊರಟುಹೋಯಿತು. ಆಮೇಲೆ ತಂತಿ ಬಂದ, ಯಾರದೋ ಜೀಪಿನಲ್ಲಿ. ಇಳಿದವನು ಕತ್ತರಿಯ ಮುಖ ನೋಡಲಾರದೆ ಅವನ ಬೂಟು ನೋಡುತ್ತ ನಿಂತ.

ಟೈರ್ ಪಂಕ್ಚರ್ ಆಗಿತ್ತಂತೆ. ಭಾವ ಜ್ಯಾಕ್ ಕೊಟ್ಟು ಕೂತು, "ನೀನ್ಯಾಕೆ ಸುಮ್ನೆ ನಿಂತಿದೀಯ, ಹೋಗಿ ಒಂದಕ್ಕೆ ಮುಗಿಸಿ ಬಾ" ಎಂದನಂತೆ. ತಂತಿ ರಸ್ತೆಬದಿಯ ಬೇಲಿಯ ಆಚೆ ಹೋದ. ಅಷ್ಟರಲ್ಲಿ ಒಂದೇ ಒಂದು ಶೆಲ್ ಬಂದು ಬಿತ್ತು. ದಿನಕ್ಕೆ ನೂರು ಬೀಳುವ ಕಡೆ ಅವತ್ತು ಬಿದ್ದದ್ದು ಅದೊಂದೇ. ಚೂರು ಎದೆಗೆ ಹೊಕ್ಕಿತ್ತು. ಟ್ಯಾಂಕರಿನ ನೀರೆಲ್ಲ ರಸ್ತೆಗೆ ಹರಿದು, ಭಾವ ಆ ನೀರಿನಲ್ಲಿ ಮಲಗಿದ್ದ.

ದೇಹವನ್ನು ಊರಿಗೆ ಕಳಿಸುವಾಗ ಕತ್ತರಿಯ ಜೊತೆ ಇಬ್ಬರು ಹೊರಟರು. ಒಬ್ಬ ತಂತಿ. ಇನ್ನೊಬ್ಬ ಅಡುಗೆಮನೆಯ ಸಿಪಾಯಿ. ದಪ್ಪ ಮೀಸೆಯ, ಗುಂಡು ಮೈಯ ಅವನನ್ನು ಎಲ್ಲರೂ ಸೌಟು ಎನ್ನುತ್ತಿದ್ದರು. ಲಾರಿಯ ಹಿಂದೆ ಪೆಟ್ಟಿಗೆಯ ಎರಡೂ ಬದಿಗೆ ಕೂತು, ಕುಲುಕಾಟಕ್ಕೆ ಅದು ಜಾರದ ಹಾಗೆ ಕಾಲು ಕೊಟ್ಟು ಹಿಡಿದಿದ್ದರು. ಕತ್ತರಿಯ ಬೆರಳುಗಳು ಪೆಟ್ಟಿಗೆಯ ಹಲಗೆಯ ಮೇಲೆ ಆಡುತ್ತಲೇ ಇದ್ದವು. ಅಕ್ಕನಿಗೆ ಏನು ಹೇಳಲಿ? ಕೂದಲು ಕೊಂಕದ ಹಾಗೆ ಎಂದಿದ್ದಳು. ಪೂರ್ತಿ ಮಾಡು ಎಂದಿದ್ದಳು.

ಬೆಳಿಗ್ಗೆ, ಊರು ಇನ್ನು ಸ್ವಲ್ಪ ದೂರ ಇರುವಾಗ, ಮುಚ್ಚಿದ ಪೆಟ್ರೋಲ್ ಬಂಕಿನ ನಲ್ಲಿಯ ಹತ್ತಿರ ಲಾರಿ ನಿಂತಿತು. ತಂತಿ, ಸೌಟು ಟೋಪಿ ತೆಗೆದು ಮುಖ ತೊಳೆಯತೊಡಗಿದರು. ಅವರ ಬಲಗಿವಿಯ ಹಿಂದಿನ ಕೂದಲಿಗೆ ಬಿಸಿಲು ಬಿತ್ತು. ಕತ್ತರಿ ಅದನ್ನು ನೋಡಿದ. ಸತ್ತವನ ಮುಂದೆ ಇವರು ಟೋಪಿ ತೆಗೆದೇ ತೆಗೆಯುತ್ತಾರೆ. ಅಕ್ಕ ನೋಡುತ್ತಾಳೆ. ಅಕ್ಕನ ಕಣ್ಣಿಗೆ ಒಂದು ಎಳೆ ತಪ್ಪದು. ಇದೇನು ಎಂದು ಕೇಳುತ್ತಾಳೆ, ಯಾರೋ ಹೇಳುತ್ತಾರೆ, ಆಮೇಲೆ ತಾನೇ ಬಾಯಾರೆ ಹೇಳಿ ಗಂಡನ ಬಾಕಿ ತೆಗೆಸಿದೆ ಎಂದು ಆಯುಸ್ಸಿಡೀ ಬೇಯುತ್ತಾಳೆ. ಸುಳ್ಳಾದರೇನು, ಬೇಯುವುದಕ್ಕೆ ಸುಳ್ಳೂ ಸಾಕು.

ಅವನು ಚೀಲದಿಂದ ಕತ್ತರಿ ತೆಗೆದ. "ಕೂತ್ಕೊಳ್ರಿ" ಎಂದ. "ನಿಮ್ದು ಮುಗಿಸ್ತೀನಿ." ಯಾಕೆಂದೂ ಹೇಳಿದ.

ಸೌಟು ಹಿಂದೆ ಸರಿದ. "ನಾಳೆ ವಾಪಸ್ ಅಲ್ಲಿಗೇ ಹೋಗ್ಬೇಕು ಕಣೋ ನಾವು. ನಂಗೆ ಮಗಳಿದಾಳೆ."

"ಗೊತ್ತು."

"ಗೊತ್ತಿದ್ದೂ ಕೇಳ್ತೀಯಾ?"

"ಕೇಳ್ತಿದೀನಿ."

ತಂತಿ ಬಂಕಿನ ಕಟ್ಟೆಯ ಮೇಲೆ ಕೂತು ತಲೆ ಬಗ್ಗಿಸಿದ. ಬಾಕಿಯನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವನು ಅವನೇ. ತನ್ನನ್ನು ಬೇಲಿಯ ಆಚೆ ಕಳಿಸಿ ಉಳಿಸಿದ ಮನುಷ್ಯನ ಹೆಂಡತಿ ಈ ಅಕ್ಕ ಎಂಬುದಷ್ಟೇ ಅವನಿಗೆ ಈಗ ಲೆಕ್ಕ. ಕತ್ತರಿ ಎರಡು ಸಲ ಕಚಕ್ ಎಂದಿತು. ಗಾಳಿಗೆ ಕೂದಲು ಹಾರಿಹೋಯಿತು. ಸೌಟು ನಲ್ಲಿ ತಿರುಗಿಸಿದ, ಮತ್ತೆ ತಿರುಗಿಸಿದ, ಯಾರನ್ನೋ ಕೆಟ್ಟದಾಗಿ ಬೈದ. ಆಮೇಲೆ ಬಂದು ಕೂತ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಕ್ಷೌರಿಕನಿಗೆ ತನ್ನ ತಲೆಯೂ ಕಾಣದು. ಕತ್ತರಿಗೆ ತನ್ನ ಬಲಗಿವಿಯ ನೆನಪೇ ಆಗಲಿಲ್ಲ.

ಮನೆ ಅಂಗಡಿಯ ಹಿಂದೆಯೇ. ಪೆಟ್ಟಿಗೆಯನ್ನು ಅಂಗಡಿಯೊಳಗಿಂದಲೇ ಒಯ್ಯಬೇಕಾಯಿತು, ತಿರುಗುವ ಕುರ್ಚಿಯನ್ನು ಗೋಡೆಗೆ ಸರಿಸಿ. ಓಣಿಯವರೆಲ್ಲ ನೆರೆದರು. ಅಕ್ಕ ಬಟ್ಟೆ ಸರಿಸಿ ಗಂಡನ ಮುಖ ನೋಡಿದಳು. ಮುಖಕ್ಕೆ ಏನೂ ಆಗಿರಲಿಲ್ಲ. ನಿಜಕ್ಕೂ ಒಂದು ಕೂದಲೂ ಕೊಂಕಿರಲಿಲ್ಲ. ಅವಳು ಕೈ ಹಾಕಿ ಆ ತಲೆಯನ್ನು ಸವರಿದಳು, ಎಡಗಿವಿ, ಕುತ್ತಿಗೆ, ಬಲಗಿವಿ. "ಚೆನ್ನಾಗಿ ಮಾಡಿದೀಯ" ಎಂದಳು ತಮ್ಮನಿಗೆ. ಕತ್ತರಿ ಅಲ್ಲಿ ನಿಲ್ಲಲಾರದೆ ಹಿತ್ತಲಿಗೆ ಓಡಿದ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಗುವಿನ ಹಾಗೆ ಅತ್ತ.

ಸಂಜೆಗೆ ಮಣ್ಣು ಕೊಟ್ಟು ಬಂದರು. ಮರುದಿನ ಬೆಳಿಗ್ಗೆ ಮೂವರೂ ವಾಪಸ್ ಹೊರಡಬೇಕು. ಲಾರಿ ಓಣಿಯ ತುದಿಗೆ ಬಂದು ನಿಂತಿದೆ, ಆಗ ಶಟರ್ ಎತ್ತುವ ಸದ್ದಾಯಿತು. ಅಕ್ಕ ಅಂಗಡಿ ತೆರೆದಿದ್ದಳು. ಕುರ್ಚಿಯನ್ನು ಕನ್ನಡಿಯ ಮುಂದಕ್ಕೆ ಎಳೆದು, ಒಂದು ಸಲ ಒರೆಸಿ, "ಬಾರೋ ಇಲ್ಲಿ" ಎಂದು ತಮ್ಮನನ್ನು ಕರೆದಳು.

ಅವನು ಕೂತ. ಅವಳು ಅವನ ಬಲಗಿವಿಯನ್ನು ಮಡಿಸಿ ಹಿಡಿದಳು. ಆಗ ಅವನಿಗೆ ನೆನಪಾಯಿತು. ತಟಕ್ಕನೆ ಕೈ ಮೇಲೆದ್ದು ಆ ಕೂದಲನ್ನು ಮುಚ್ಚಿಕೊಂಡಿತು. ಸುಳ್ಳು ಸುಳ್ಳು ಎಂದು ಊರೆಲ್ಲ ಸಾರಿದವನ ಕೈ!

ಕನ್ನಡಿಯಲ್ಲಿ ಅಕ್ಕ ಅವನನ್ನೇ ನೋಡುತ್ತಿದ್ದಳು. "ಅವರಿಟ್ಟಿದ್ದಾ?"

"ಏನದು?"

"ಬಾಕಿ."

ಬಾಗಿಲಲ್ಲಿ ನಿಂತಿದ್ದ ತಂತಿ, ಸೌಟು ಕಲ್ಲಾದರು.

"ಅವರು ಫೋನಲ್ಲಿ ಎಲ್ಲಾ ಹೇಳಿದ್ರು ಕಣೋ. ನಕ್ಕು ನಕ್ಕು ಹೇಳಿದ್ರು. ನಂಗೆ ನಗು ಬರಲಿಲ್ಲ. ಅಲ್ಲಿ ಬಾಕಿ ಇಟ್ಟು ಬಂದ್ರೆ ಅಲ್ಲಿಗೇ ವಾಪಸ್ ಹೋಗ್ಬೇಕಲ್ಲ. ಅದಕ್ಕೇ ಪೂರ್ತಿ ಮಾಡು ಅಂದೆ. ಮನೆಗೆ ಪೂರ್ತಿ ಬರಲಿ ಅಂತ." ಬಾಚಣಿಗೆಯನ್ನು ಮೇಜಿನ ಮೇಲಿಟ್ಟು, ಮತ್ತೆ ಕೈಗೆತ್ತಿಕೊಂಡಳು.

"ಅದೆಲ್ಲ ಸುಳ್ಳು ಅಕ್ಕಾ" ಎಂದ ಕತ್ತರಿ. "ಕೂದಲಿಗೂ ಶೆಲ್ಲಿಗೂ ಏನು ಸಂಬಂಧ?"

"ಸುಳ್ಳಾದ್ರೆ ಇವರದ್ದು ಯಾಕೆ ಮುಗಿಸ್ದೆ?" ಅವಳು ಬಾಗಿಲ ಕಡೆ ಕತ್ತರಿ ತೋರಿಸಿದಳು. "ನಿನ್ನೆ ಟೋಪಿ ತೆಗೆದಾಗಲೇ ನೋಡಿದೆ. ಉಳಿದ ತಲೆಗೆ ವಾರದ ಬೆಳೆ, ಬಲಗಿವಿ ಹಿಂದೆ ಮಾತ್ರ ಅವತ್ತೇ ಕತ್ತರಿಸಿದ್ದು. ನಂಗೆ ತಿಳೀಬಾರ್ದು ಅಂತ ಇಬ್ಬರ ಜೀವ ಒಡ್ಡಿದ್ಯಲ್ಲೋ, ದಡ್ಡ!"

ತಂತಿ ಒಂದು ಹೆಜ್ಜೆ ಮುಂದೆ ಬಂದು, "ನಾವೇ ಒಪ್ಪಿದ್ವಿ ಅಕ್ಕಾ" ಎಂದ. ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ತಮ್ಮನ ಭುಜ ತಟ್ಟಿ ಎಬ್ಬಿಸಿದಳು. ಅವನ ಬಲಗಿವಿಯನ್ನು ಮುಟ್ಟಲಿಲ್ಲ.

"ಬಾಪ್ಪ, ಕೂತ್ಕೋ" ಎಂದಳು ತಂತಿಗೆ.

ಕತ್ತರಿಸಿದ ಕೂದಲನ್ನು ಅಂಟಿಸಲಾಗದು, ಸರಿ. ಆದರೆ ಗಂಡಸಿನ ಮುಖದಲ್ಲಿ ಕೆಲಸಕ್ಕೇನು ಬರ? ಅವಳು ಸೋಪು ಕಲಸಿ ತಂತಿಯ ಕೆನ್ನೆಗೆ ನೊರೆ ಹಚ್ಚಿದಳು. ಒಂದು ಕೆನ್ನೆಯನ್ನು ಕನ್ನಡಿಯ ಹಾಗೆ ಹೊಳೆಯಿಸಿ, ಇನ್ನೊಂದನ್ನೂ ಹೊಳೆಯಿಸಿ, ದವಡೆಯ ಕೆಳಗೆ ಒಂದು ಹೆಬ್ಬೆರಳಗಲ ಹಾಗೇ ಬಿಟ್ಟು ಟವಲ್ಲಿನಿಂದ ಒರೆಸಿಬಿಟ್ಟಳು. ಸೌಟಿಗೆ ಅಷ್ಟೂ ದಯೆ ತೋರಲಿಲ್ಲ. ಅವನ ಆ ದಪ್ಪ ಮೀಸೆಯ ಎಡಭಾಗವನ್ನು ಅಚ್ಚುಕಟ್ಟಾಗಿ ಕತ್ತರಿಸಿ, ಬಲಭಾಗವನ್ನು ಪೊದೆಯ ಹಾಗೇ ಉಳಿಸಿದಳು.

"ಉಳಿದಿದ್ದು ವಾಪಸ್ ಬಂದ ಮೇಲೆ" ಎಂದಳು. "ಅಲ್ಲಿ ಅಲ್ಲ, ಈ ಕುರ್ಚೀಲಿ. ಸುಳ್ಳಾದ್ರೂ ಸರಿ, ನಿಜ ಆದ್ರೂ ಸರಿ, ಬಂದು ಕೂತ್ಕೋಬೇಕು. ನಾನು ಅಂಗಡಿ ಮುಚ್ಚಲ್ಲ."

"ನಂದು, ಅಕ್ಕಾ?" ಎಂದ ಕತ್ತರಿ.

"ನಿಂದು ಅವರಿಟ್ಟಿದ್ದು. ಬೆಳೀಲಿ ಬಿಡು. ಬಂದಾಗ ನಾನು ತೆಗೀತೀನಿ." ಅವಳು ಅವನ ಕಾಲರ್ ಹಿಡಿದಳು, ಅಂದು ಹಿಡಿದ ಹಾಗೇ, ಆದರೆ ಈ ಸಲ ಏನೂ ಕೇಳಿಕೊಳ್ಳದೆ ಬಿಟ್ಟಳು. ಪೊರಕೆ ತೆಗೆದುಕೊಂಡು ನೆಲದ ಮೇಲಿನ ಅರ್ಧ ಮೀಸೆಯನ್ನು ಗುಡಿಸತೊಡಗಿದಳು.

ಲಾರಿ ಓಣಿ ದಾಟಿ ದೊಡ್ಡ ರಸ್ತೆಗೆ ಬಂತು. ಹಿಂದೆ ಮೂವರ ನಡುವೆ ಈಗ ಪೆಟ್ಟಿಗೆ ಇರಲಿಲ್ಲ. ಆದರೂ ಅದೇ ಜಾಗ ಬಿಟ್ಟು, ಅದೇ ಬದಿಗಳಲ್ಲಿ ಕೂತಿದ್ದರು. ಸೌಟು ಮೀಸೆಯ ಇಲ್ಲದ ಕಡೆ ಮುಟ್ಟಿಕೊಂಡ, ಇದ್ದ ಕಡೆ ಮುಟ್ಟಿಕೊಂಡ.

"ಈ ಮುಖ ಇಟ್ಕೊಂಡು ಬಡಿಸಿದ್ರೆ ಯಾವನು ಊಟ ಮಾಡ್ತಾನೆ ಹೇಳು" ಎಂದ.

ತಂತಿಗೆ ತಡೆಯಲಾಗಲಿಲ್ಲ, ಮೂಗಿನಿಂದ ನಗು ಹೊರಟಿತು. ಕತ್ತರಿಯೂ ನಕ್ಕ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವ ಇದ್ದಿದ್ದರೆ ಇವರೆಲ್ಲರಿಗಿಂತ ಜೋರಾಗಿ ನಗುತ್ತಿದ್ದ, ಆ ಅರ್ಧ ಮೀಸೆಗೆ ಒಂದು ಹೆಸರನ್ನೂ ಇಡುತ್ತಿದ್ದ. ಅದು ಹೊಳೆದದ್ದೇ ತಡ, ಕತ್ತರಿ ಬಲಗಿವಿಯ ಹಿಂದಿನ ಹಿಡಿ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಳತೊಡಗಿದ. ತುಕಡಿಯ ಶೆಡ್ಡು ಸಿಗುವವರೆಗೂ ಅವನು ಆ ಕೈ ಬಿಡಲಿಲ್ಲ.